ಕೊನೆಯ ಸಾಲಿನ ದಯಾನಂದ

ಮೂಡಿಗೆರೆ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ನನ್ನ ಅಂಗಡಿಗೂ ಪ್ರೇಮಲತಾಳ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ನಾನು ಫೋಟೊಗಳಿಗೆ ಕಟ್ಟು ಹಾಕುತ್ತೇನೆ, ಅವಳು ಕಂಪ್ಯೂಟರಿನಲ್ಲಿ ಕಾರ್ಡು ಮಾಡುತ್ತಾಳೆ. ಮದುವೆಯವರು ಈಗ ನಮ್ಮ ಕಡೆ ಸುಳಿಯುವುದಿಲ್ಲ, ಅವರಿಗೆ ಚಿಕ್ಕಮಗಳೂರೋ ಹಾಸನವೋ ಆಗಬೇಕು. ಸತ್ತವರ ಕಡೆಯವರು ಮಾತ್ರ ನಮ್ಮನ್ನು ಕೈಬಿಟ್ಟಿಲ್ಲ. ಮೊದಲು ಅವಳಲ್ಲಿ ತಿಥಿ ಕಾರ್ಡು, ಆಮೇಲೆ ನನ್ನಲ್ಲಿ ಫೋಟೊ. ಒಂದೇ ಸಾವಿನಿಂದ ಎರಡು ಮನೆಯ ಒಲೆ ಉರಿಯುತ್ತದೆ ಎಂದು ನಾನು ತಮಾಷೆ ಮಾಡಿದರೆ ಅವಳಿಗೆ ಸಿಟ್ಟು ಬರುತ್ತದೆ. ಬರಲಿ, ಸುಳ್ಳೇನೂ ಹೇಳಿಲ್ಲವಲ್ಲ.

ಅವಳ ಅಂಗಡಿಯಲ್ಲಿ ಅಳುವವರಿಗೆ ಕೂರಲು ಸ್ಟೂಲು ಉಂಟು, ಕುಡಿಯಲು ನೀರು ಉಂಟು, ಸಮಾಧಾನದ ಮಾತು ಮಾತ್ರ ಇಲ್ಲ. ಸತ್ತವರ ಹೆಸರು, ವಯಸ್ಸು, ತೀರಿಕೊಂಡ ದಿನ, ಹನ್ನೊಂದನೇ ದಿನದ ಊಟ ಎಲ್ಲಿ, ದುಃಖತಪ್ತರು ಯಾರ್ಯಾರು, ಇಷ್ಟನ್ನು ಒಂದೇ ದನಿಯಲ್ಲಿ ಕೇಳುತ್ತಾಳೆ. ಕಲ್ಲು ಮನಸ್ಸಿನ ಹೆಂಗಸು ಎಂದು ಹೊಸಬರು ಅಂದುಕೊಳ್ಳುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೆ ಅಂದುಕೊಂಡಿದ್ದೆ. ಆದರೆ ಅಳುತ್ತ ಬಂದವರು ಆ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೊಡುತ್ತ ಅಳು ನಿಲ್ಲಿಸುವುದನ್ನು ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದೇನೆ.

ಅಂಗಡಿ ಹಾಕಿದವನು ಅವಳ ಗಂಡ ದಯಾನಂದ. ಬಾಳೂರು ಕಡೆಯ ಎಸ್ಟೇಟೊಂದರ ಕೂಲಿ ಲೈನಿನ ಮನೆಯಲ್ಲಿ ಹುಟ್ಟಿದವನು. ತಾಯಿ ಯಲ್ಲಮ್ಮ ಕಾಫಿ ಕೊಯ್ದು ಅವನನ್ನು ಪಿಯುಸಿವರೆಗೆ ಓದಿಸಿದರು. ಅವನಿಗೆ ಓದಿಗಿಂತ ಅಕ್ಷರದ ಮೇಲೆ ಆಸೆ. ಮೊದಲು ಬಸ್ಸುಗಳಿಗೆ ಹೆಸರು ಬರೆದ, ಎಸ್ಟೇಟುಗಳಿಗೆ ಬೋರ್ಡು ಬರೆದ, ಕಂಪ್ಯೂಟರು ಬಂದ ಮೇಲೆ ಅದರ ಮುಂದೆ ಕೂತ. ಸಣಕಲು ಅಕ್ಷರ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ತಿಥಿ ಕಾರ್ಡು ಓದುವವರೆಲ್ಲ ವಯಸ್ಸಾದವರು, ಅವರ ಕಣ್ಣಿಗೆ ಕಾಣಬೇಕು ಎಂದು ವಾದ ಮಾಡುತ್ತಿದ್ದ. ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಒಂದು ಕನ್ನಡ ಫಾಂಟನ್ನು ಎಲ್ಲಿಂದಲೋ ಇಳಿಸಿಕೊಂಡು, ಒಂದು ಮಳೆಗಾಲವಿಡೀ ಕೂತು ಅಕ್ಷರ ಅಕ್ಷರವನ್ನೂ ದಪ್ಪ ಮಾಡಿ, ಎತ್ತರ ಮಾಡಿ, ಅದಕ್ಕೆ ‘ಮಲೆದಪ್ಪ’ ಎಂದು ಹೆಸರಿಟ್ಟ. ಆ ಫಾಂಟಿನಲ್ಲಿ ಒಂದು ತಿಥಿ ಕಾರ್ಡಿನ ಮಾದರಿ ಮಾಡಿದ. ಮೇಲೆ ದೀಪ, ನಡುವೆ ಒಕ್ಕಣೆ, ಕೆಳಗೊಂದು ಚೌಕಟ್ಟಿನಲ್ಲಿ ದುಃಖತಪ್ತರ ಹೆಸರುಗಳು.

ಆ ಮಾದರಿ ಪೆನ್‌ಡ್ರೈವಿನಲ್ಲಿ ಊರೂರು ತಿರುಗಿತು. ಬಾಳೂರು, ಕಳಸ, ವಸ್ತಾರೆ, ಎಲ್ಲಿ ಡಿಟಿಪಿ ಅಂಗಡಿ ಇದೆಯೋ ಅಲ್ಲೆಲ್ಲ ಅದೇ. ಈ ಕಸುಬಿನಲ್ಲಿ ಹೊಸ ಕಾರ್ಡು ಅಂತ ಯಾರೂ ಮಾಡುವುದಿಲ್ಲ. ಹಿಂದೆ ಸತ್ತವರ ಕಾರ್ಡನ್ನು ತೆರೆದು ಅವರ ಹೆಸರಿನ ಮೇಲೆ ಈಗ ಸತ್ತವರ ಹೆಸರನ್ನು ಹೊಡೆಯುತ್ತಾರೆ. ಒಬ್ಬರನ್ನು ಹೂಳಿದ ಜಾಗದಲ್ಲೇ ಇನ್ನೊಬ್ಬರನ್ನು ಹೂಳಿದ ಹಾಗೆ ಆ ಫೈಲಿನಲ್ಲಿ ನಮ್ಮ ಸೀಮೆಯ ಅರ್ಧ ಜನ ಮಲಗಿದ್ದಾರೆ.

ಕೆಲವು ವರ್ಷಗಳ ಹಿಂದೆ, ಆಗಸ್ಟಿನ ಜೋರು ಮಳೆಯಲ್ಲಿ, ದಯಾನಂದ ಬಾಳೂರಿನ ಒಂದು ಮನೆಗೆ ತಿಥಿ ಕಾರ್ಡು ಕೊಡಲು ಬೈಕಿನಲ್ಲಿ ಹೋದ. ದಾರಿಯ ಮೋರಿಯ ಮೇಲೆ ಹಳ್ಳ ಹರಿಯುತ್ತಿತ್ತು. ಮಾರನೆಯ ದಿನ ಬೈಕು ಸಿಕ್ಕಿತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಕಾರ್ಡಿನ ಕಟ್ಟೂ ಒದ್ದೆಯಾಗದೆ ಸಿಕ್ಕಿತು. ಅವನು ಸಿಗಲಿಲ್ಲ. ಪೊಲೀಸರು, ಅಗ್ನಿಶಾಮಕದವರು, ಎಸ್ಟೇಟಿನ ಆಳುಗಳು ಎಲ್ಲರೂ ಹುಡುಕಿದರು. ಕಡೆಗೆ ಒಬ್ಬೊಬ್ಬರಾಗಿ ನಿಲ್ಲಿಸಿದರು.

ಅತ್ತೆ ಸೊಸೆಗೆ ಆಗಿನಿಂದ ಒಂದೇ ವಿಷಯಕ್ಕೆ ಜಗಳ. ಯಲ್ಲಮ್ಮನವರಿಗೆ ಮಗನ ಕಾರ್ಯ ಆಗಬೇಕು. ದೇಹ ಸಿಗದಿದ್ದರೆ ಹುಲ್ಲಿನ ಪ್ರತಿಕೃತಿ ಮಾಡಿ ಸುಡುವ ಕ್ರಮ ಇದೆ, ಅದಾಗಲಿ, ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ಅವನಿಗೂ ಒಂದು ಎಡೆ ಬೀಳಲಿ, ತಾನು ಕಣ್ಣು ಮುಚ್ಚುವ ಮೊದಲು ಅಷ್ಟಾದರೆ ಸಾಕು ಎಂದು ಅವರು. ಕಾಣೆಯಾದವರಿಗೆ ಎಡೆ ಇಡುವುದಿಲ್ಲ ಎಂದು ಇವಳು. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಧನ್ಯಶ್ರೀ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದಳು. ಹೆಂಡತಿಯ ಒಪ್ಪಿಗೆ ಇಲ್ಲದೆ ಕಾರ್ಯ ಮಾಡಲು ಯಲ್ಲಮ್ಮನವರಿಗೂ ಮನಸ್ಸಿಲ್ಲ. ಪ್ರತಿವರ್ಷ ಅಮಾವಾಸ್ಯೆಗೆ ಮುಂಚೆ ಬಾಳೂರಿನಿಂದ ಜೀಪಿನಲ್ಲಿ ಬಂದು ಕೇಳುತ್ತಿದ್ದರು, ಇವಳು ಕಾಫಿ ಕೊಟ್ಟು, ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು.

ಹೀಗಿರುವಾಗ ಒಂದು ಮುಂಗಾರಿನಲ್ಲಿ ಸಿಡಿಲು ಬಡಿದು ನಮ್ಮ ಸಾಲಿನ ಕಂಪ್ಯೂಟರುಗಳೆಲ್ಲ ಸುಟ್ಟವು. ಅವಳದೂ ಹೋಯಿತು. ರಿಪೇರಿಯವನು ಫೈಲುಗಳನ್ನು ಮಾತ್ರ ಉಳಿಸಿಕೊಟ್ಟ. ಹೊಸ ಯಂತ್ರಕ್ಕೆ ಅವನೇ ಹಾಕಿಕೊಟ್ಟ ಕದ್ದ ಸಾಫ್ಟ್‌ವೇರು ದಿನಕ್ಕೆರಡು ಸಲ ಕೆಂಪು ಅಕ್ಷರದಲ್ಲಿ ಹೆದರಿಸುತ್ತಿತ್ತು. ಬೇಸತ್ತು ಅವಳು, ಜಗತ್ತಿನ ಎಲ್ಲೆಲ್ಲಿಯೋ ಇರುವ ಸ್ವಯಂಸೇವಕರು ಸೇರಿ ಮಾಡಿ ಪುಕ್ಕಟೆ ಕೊಡುವ ಒಂದು ಆಫೀಸ್ ಸಾಫ್ಟ್‌ವೇರನ್ನು ಇಳಿಸಿಕೊಂಡಳು. ತಾನು ಕಲಿತು, ಹೊಸ ಕಂಪ್ಯೂಟರು ಕೊಂಡ ಸುತ್ತಲಿನ ಅಂಗಡಿಯವರಿಗೂ ಫೋನಿನಲ್ಲೇ ಹೇಳಿ ಹಾಕಿಸಿದಳು. ಹಾಕಿಕೊಳ್ಳುವ ಕ್ರಮ ಎಂದು ಅದರ ಜೊತೆ ಬಂದಿದ್ದ ಬರಹ ಓದಿದರೆ ತಲೆ ಕೆರೆದುಕೊಳ್ಳಬೇಕು. ಅರ್ಧ ಇಂಗ್ಲಿಷು, ಉಳಿದರ್ಧ ಯಾರೂ ಆಡದ ಕನ್ನಡ. ಅದರಲ್ಲಿ ನಮ್ಮ ಕನ್ನಡವನ್ನು ಕ್ಲಿಷ್ಟ ಲಿಪಿಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ, ಅದಕ್ಕೆ ಬೇರೆಯೇ ಕಡೆ ಹೋಗಿ ಫಾಂಟ್ ಆರಿಸಬೇಕು. ಅದು ಕ್ಲಿಷ್ಟವೋ ಅಲ್ಲವೋ ನಮ್ಮ ಮಕ್ಕಳು ಒಂದನೇ ಕ್ಲಾಸಿನಲ್ಲಿ ಕಲಿಯುತ್ತಾರಪ್ಪ.

ಅದರಲ್ಲಿ ಅವಳು ಮಾಡಿದ ಮೊದಲ ಕಾರ್ಡು ವಸ್ತಾರೆಯ ಪ್ಲಾಂಟರ್ ಮಂಜಯ್ಯನವರದು. ಹನ್ನೊಂದನೇ ದಿನದ ಊಟ ಮುಗಿದ ಮೇಲೆ ಅವರ ಮಗ ರಾಜೇಶ್ ಕಾರ್ಡು ಹಿಡಿದುಕೊಂಡು ಅಂಗಡಿಗೆ ಬಂದರು. ದುಃಖತಪ್ತರ ಪಟ್ಟಿಯಲ್ಲಿ ಎಲ್ಲರ ಕೆಳಗೆ, ಪಕ್ಕದಲ್ಲಿ ಸಂಬಂಧವಿಲ್ಲ ಊರಿಲ್ಲ, ಬರೀ ‘ದಯಾನಂದ’ ಎಂದಿತ್ತು. ಅಚ್ಚಿಗೆ ಮುಂಚೆ ವಾಟ್ಸಾಪಿನಲ್ಲಿ ಕಾರ್ಡು ನೋಡಿದ್ದರು, ಆದರೆ ತಂತಮ್ಮ ಹೆಸರು ಸರಿಯಿದೆಯೇ ಎಂದಷ್ಟೇ ಎಲ್ಲರೂ ನೋಡಿದ್ದು. ಆ ಕೊನೆಯವನು ಚಿಕ್ಕಪ್ಪನ ಕಡೆಯವನಿರಬೇಕು ಎಂದು ದೊಡ್ಡಪ್ಪನ ಕಡೆಯವರು, ದೊಡ್ಡಪ್ಪನ ಕಡೆಯವನಿರಬೇಕು ಎಂದು ಚಿಕ್ಕಪ್ಪನ ಕಡೆಯವರು. ಊಟದ ಪಂಕ್ತಿಯಲ್ಲಿ ಯಾರೋ ಬಾಯಿ ಸಡಿಲ ಬಿಟ್ಟು, ಸತ್ತ ಮಂಜಯ್ಯನವರಿಗೆ ಇನ್ನೊಂದು ಕಡೆ ಒಬ್ಬ ಮಗನಿದ್ದನೇನೋ ಎಂದೂ ಅಂದರಂತೆ. ರಾಜೇಶ್ ಕೂಗಾಡಿ ಹೋದರು. ಗೋಡೆಯಾಚೆ ತೀರಾ ನಿಶ್ಶಬ್ದವಾಯಿತೆಂದು ನಾನು ಎದ್ದು ಹೋಗಿ ನೋಡಿದೆ. ಆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಆ ಹೆಸರನ್ನು ತಾನು ಹೊಡೆದಿಲ್ಲ ಎಂದಷ್ಟೇ ಹೇಳಿದಳು.

ಕೈತಪ್ಪಿರಬೇಕು ಎಂದು ನಾನು ಸಮಾಧಾನ ಹೇಳಿದೆ. ಆದರೆ ಸ್ವಲ್ಪ ದಿನದಲ್ಲಿ ಬಾಳೂರಿನ ಒಂದು ಕಾರ್ಡಿನಲ್ಲಿ ಹೆಸರು ಬಂತು. ಅದು ಅವಳು ಮಾಡಿದ್ದಲ್ಲ, ಅಲ್ಲಿಯದೇ ಅಂಗಡಿಯದು. ಆಮೇಲೆ ಕಳಸದಿಂದ ಬಂತು. ಎಲ್ಲ ಕಾರ್ಡಿನಲ್ಲೂ ಬರುತ್ತಿರಲಿಲ್ಲ. ಒಂದು ಮನೆಯದರಲ್ಲಿ ಇದ್ದರೆ ಪಕ್ಕದ ಮನೆಯದರಲ್ಲಿ ಇಲ್ಲ, ಅವನೇ ಮನೆ ಆರಿಸಿ ಹೋಗುತ್ತಿದ್ದಾನೆ ಅನ್ನುವ ಹಾಗೆ. ನನಗೆ ದೆವ್ವ ಭೂತದಲ್ಲಿ ನಂಬಿಕೆ ಇಲ್ಲ, ಆದರೂ ಆ ದಿನಗಳಲ್ಲಿ ಕಟ್ಟು ಹಾಕಲು ಬಂದ ಫೋಟೊಗಳ ಜೊತೆ ಕಾರ್ಡು ಬಂದರೆ ಕೊನೆಯ ಸಾಲನ್ನು ಮೊದಲು ನೋಡುತ್ತಿದ್ದೆ. ಒಂದು ಸಲ ಕಂಡಿತು. ಮೈ ಜುಂ ಎಂದಿತು, ಸುಳ್ಳು ಯಾಕೆ ಹೇಳಲಿ.

ಊರ ಬಾಯಿಗೆ ಬೀಗ ಹಾಕಲಾದೀತೇ? ಜನ ಅದಕ್ಕೊಂದು ಅರ್ಥ ಕಟ್ಟಿಯೇಬಿಟ್ಟರು. ಮನೆಯಲ್ಲಿ ಹೆಂಡತಿ ಎಡೆ ಇಡಲಿಲ್ಲ, ಹಸಿದುಕೊಂಡಿದ್ದಾನೆ, ಅದಕ್ಕೇ ಕಂಡವರ ತಿಥಿ ಊಟಕ್ಕೆ ದುಃಖದವರ ಜೊತೆ ಹೆಸರು ಬರೆಸಿಕೊಂಡು ಬರುತ್ತಿದ್ದಾನೆ ಎಂದು. ಕೇಳಿದರೆ ಯಾರಿಗಾದರೂ ಹೌದೆನ್ನಿಸುವ ಮಾತು. ಕೆಲವು ಮನೆಗಳಲ್ಲಿ ಹನ್ನೊಂದನೇ ದಿನ ಹೆಸರಿಲ್ಲದೆ ಒಂದು ಎಲೆ ಜಾಸ್ತಿ ಹಾಕಲು ಶುರು ಮಾಡಿದರು. ಕೆಲವರು ಇವಳ ಅಂಗಡಿಯ ಮುಂದೆ ಬಂದು, ಹಿಂದೆ ಮುಂದೆ ನೋಡಿ, ಬೇರೆ ಕಡೆ ಹೋದರು.

ಮಾತು ಯಲ್ಲಮ್ಮನವರ ಕಿವಿಗೂ ಬಿತ್ತು. ಅಮಾವಾಸ್ಯೆ ಇನ್ನೂ ದೂರವಿತ್ತು, ಆದರೂ ಬಂದರು. ಆವತ್ತು ಅವರು ಸೊಸೆಯನ್ನು ಬೈಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತರು. ಹೊಟ್ಟೆ ಕಟ್ಟಿ ಸಾಕಿದ ಮಗ ಹೀಗೆ ಮನೆ ಮನೆ ಬಾಗಿಲಿಗೆ ಹೋಗುವ ಹಾಗಾಯಿತಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡರು.

ಪ್ರೇಮಲತಾಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಆ ಪಟ್ಟಿಯಲ್ಲಿ ಇರುವುದು ಬದುಕಿರುವವರ ಹೆಸರು. ಸತ್ತವರನ್ನು ಯಾರೂ ದುಃಖತಪ್ತರಲ್ಲಿ ಸೇರಿಸುವುದಿಲ್ಲ. ಕಳಸದಲ್ಲಿ ಯಾರೋ ಕೂತು ಆ ಹೆಸರನ್ನು ಹೊಡೆಯುತ್ತಿದ್ದಾರೆ. ತಲೆಗೆ ಪೆಟ್ಟು ಬಿದ್ದು ಗುರುತು ಮರೆತವರ ಕಥೆಗಳನ್ನು ನಾವೆಲ್ಲ ಕೇಳಿಲ್ಲವೇ? ಇದನ್ನೆಲ್ಲ ಅವಳು ನನಗೆ ಹೇಳಿದ್ದು ಆಮೇಲೆ. ಆಗ ಮಾತ್ರ, ಕಳಸದಲ್ಲಿ ಸ್ವಲ್ಪ ಕೆಲಸವಿದೆ, ಅಂಗಡಿ ಕಡೆ ಕಣ್ಣಿಡಿ ಎಂದು ಬೀಗದ ಕೈ ಕೊಟ್ಟು ಬೆಳಗಿನ ಬಸ್ಸು ಹತ್ತಿದಳು. ತಲೆಗೆ ಹೂ ಮುಡಿದಿದ್ದಳು. ಅವಳು ಹೂ ಮುಡಿದದ್ದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

ಕಳಸದ ಅಂಗಡಿ ರವಿ ಎಂಬುವನದು. ಕಾರ್ಡು ಮಾಡುವವರು ಯಾರು ಎಂದು ಇವಳು ಕೇಳಿದ್ದಕ್ಕೆ, ತಾನೇ, ಇನ್ಯಾರೂ ಇಲ್ಲ ಎಂದನಂತೆ. ಇವಳು ನಂಬಲಿಲ್ಲ. ಒಳಗಿನ ಕೋಣೆಯ ಪರದೆ ಸರಿಸಿ ನೋಡಿದಳಂತೆ. ಪೇಪರ್ ರೀಮುಗಳ ರಾಶಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಪಾಪ, ರವಿಗೆ ಗಾಬರಿ. ತಾನು ಬೇಕೆಂದು ಮಾಡಿದ್ದಲ್ಲ ಎಂದು ತೋರಿಸಲು ಅದೇ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದ. ಕೊನೆಯಲ್ಲಿ ಹೆಸರಿತ್ತು. ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ಅದನ್ನೇ ತೆರೆದ. ಹೆಸರಿರಲಿಲ್ಲ.

ಅವಳಿಗೆ ಅಲ್ಲೇ ಅರ್ಥವಾಯಿತು. ಹಳೇ ಯಂತ್ರದಲ್ಲಿ ಮಲೆದಪ್ಪ ಇತ್ತು. ಹೊಸದರಲ್ಲಿ ಇರಲಿಲ್ಲ. ಫೈಲು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೂ ಫಾಂಟು ತಾನಾಗಿ ಅದರ ಜೊತೆ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಹಾಕಬೇಕು. ಹಾಕದಿದ್ದರೆ ಸಾಫ್ಟ್‌ವೇರು ಗಲಾಟೆ ಮಾಡುವುದಿಲ್ಲ. ಮೇಲಿನ ಪಟ್ಟಿಯಲ್ಲಿ ‘ಮಲೆದಪ್ಪ’ ಎಂಬ ಹೆಸರನ್ನು ಹಾಗೆಯೇ, ಸ್ವಲ್ಪ ವಾಲಿಸಿ ತೋರಿಸುತ್ತ, ಕೆಳಗೆ ತನ್ನಲ್ಲಿರುವ ಯಾವುದೋ ಗಿಡ್ಡ ಅಕ್ಷರವನ್ನು ಸದ್ದಿಲ್ಲದೆ ಹಾಕಿಬಿಡುತ್ತದೆ. ಗಿಡ್ಡ ಅಕ್ಷರದ ಸಾಲು ಕಡಿಮೆ ಜಾಗ ತಿನ್ನುತ್ತದೆ, ಹಾಗಾಗಿ ಚೌಕಟ್ಟಿನಲ್ಲಿ ಒಂದು ಸಾಲಿನ ಜಾಗ ಮಿಗುತ್ತದೆ. ಅವಳು ಚೌಕಟ್ಟನ್ನು ಕೆಳಕ್ಕೆ ಎಳೆದಳು. ದಯಾನಂದ ಎಂಬುದರ ಕೆಳಗೆ ಇನ್ನೂ ಒಂದು ಸಾಲು ಅಡಗಿತ್ತು: ‘ಅಕ್ಷರ ಜೋಡಣೆ ಮತ್ತು ವಿನ್ಯಾಸ’. ಮಾದರಿ ಮಾಡಿದ ದಿನ ಹೆಮ್ಮೆಗೆ ತನ್ನ ಹೆಸರು ಹಾಕಿಕೊಂಡಿದ್ದ. ನಮ್ಮ ಕಡೆ ಒಬ್ಬ ಭಾವಮೈದುನನ ಹೆಸರು ಬಿಟ್ಟರೂ ಊಟದ ಪಂಕ್ತಿಯಲ್ಲಿ ಜಗಳ, ಹಾಗಾಗಿ ಪಟ್ಟಿ ಬೆಳೆದು ಬೆಳೆದು ಅವನ ಹೆಸರು ಚೌಕಟ್ಟಿನ ತಳಕ್ಕೆ ಹೋಗಿತ್ತು. ಅಲ್ಲೇ ಇತ್ತು, ಅಷ್ಟೂ ವರ್ಷ, ಅಷ್ಟೂ ಸಾವುಗಳ ಕೆಳಗೆ. ಹೆಚ್ಚು ನೆಂಟರಿರುವ ಮನೆಯ ಕಾರ್ಡಿನಲ್ಲಿ ಈಗಲೂ ಕಾಣುತ್ತಿರಲಿಲ್ಲ. ಒಬ್ಬಿಬ್ಬರು ಕಡಿಮೆ ಇದ್ದಲ್ಲಿ ಮೇಲೆ ಬರುತ್ತಿತ್ತು.

ಗಂಡನನ್ನು ಹುಡುಕಿಕೊಂಡು ಹೋದವಳು ಫಾಂಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಸಂಜೆ ಬಸ್ಸಿಗೆ ವಾಪಸು ಬಂದಳು. ಹೂವು ತಲೆಯಲ್ಲಿ ಇರಲಿಲ್ಲ. ನನ್ನಿಂದ ಬೀಗದ ಕೈ ಇಸಿದುಕೊಂಡು, ಎಲ್ಲವನ್ನೂ ಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿದಳು. ಇನ್ನೊಮ್ಮೆ ಅವನನ್ನು ಕಳೆದುಕೊಂಡು ಬಂದವಳ ಹಾಗೆ ಕಂಡಳು.

ಆಮೇಲೆ ಅವಳು ಆ ಕೆಲಸದ ಬೆನ್ನು ಹತ್ತಿದ ರೀತಿ ಹೇಳಬೇಕು. ಆ ಸಾಫ್ಟ್‌ವೇರಿನ ಕನ್ನಡ ನೋಡಿಕೊಳ್ಳುವ ಸ್ವಯಂಸೇವಕರಲ್ಲಿ ಭುವನಾ ಎಂಬ ಹುಡುಗಿಯೊಬ್ಬಳ ಮಿಂಚಂಚೆ ಹುಡುಕಿ, ನಡೆದದ್ದನ್ನೆಲ್ಲ ಬರೆದಳು. ಫಾಂಟು ಇಲ್ಲದಿದ್ದರೆ ಕಡತ ತೆರೆಯುವಾಗಲೇ ಬಾಯಿ ಬಿಟ್ಟು ಹೇಳಬೇಕು, ಇರುವ ಹಾಗೆ ನಟಿಸಬಾರದು ಎಂಬುದು ಅವಳ ದೂರು. ಹಾಕಿಕೊಳ್ಳುವ ಕ್ರಮವನ್ನೂ ಹೊಸದಾಗಿ ಬರೆದುಕೊಡುತ್ತೇನೆ ಎಂದಳು. ದಿನಾ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದು, ಕಂಪ್ಯೂಟರು ಮುಟ್ಟದ ನನಗೆ ಓದಿ ಹೇಳುತ್ತಿದ್ದಳು. ನನಗೆ ಎಲ್ಲಿ ಅರ್ಥವಾಗಲಿಲ್ಲವೋ ಆ ಜಾಗವನ್ನು ಕಿತ್ತು ಮತ್ತೆ ಬರೆಯುತ್ತಿದ್ದಳು. ಮೊದಲು ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ. ಫಾಂಟಿನ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ ಇನ್‌ಸ್ಟಾಲ್ ಎಂಬುದನ್ನು ಆರಿಸಿ. ಮತ್ತೆ ತೆರೆದು, ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ವಾಲಿಕೊಂಡಿಲ್ಲ, ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಕಡತವನ್ನು ಬೇರೆಯವರಿಗೆ ಕೊಡುವ ಮುಂಚೆ ಫಾಂಟನ್ನೂ ಅದರೊಳಗೆ ಸೇರಿಸಿ ಉಳಿಸಿ. ಇಷ್ಟು ನೇರವಾದ ಕನ್ನಡ ನಾನು ಸರ್ಕಾರಿ ಬೋರ್ಡಿನಲ್ಲೂ ಓದಿಲ್ಲ.

ಭುವನಾ ಅದನ್ನು ಅವರ ಜಾಲತಾಣದಲ್ಲಿ ಹಾಕಿದಳು. ದೂರಿನ ಕೆಳಗೆ ಯಾವ್ಯಾವುದೋ ದೇಶದವರು ಬಂದು ತಮ್ಮ ಲಿಪಿಗೂ ಇದೇ ಗತಿ ಎಂದು ಬರೆದರು. ಪ್ರೇಮಲತಾ ಅಷ್ಟಕ್ಕೆ ಸುಮ್ಮನಾಗಲಿಲ್ಲ, ಭಾನುವಾರಗಳಲ್ಲಿ ಬಸ್ಸು, ಜೀಪು ಹಿಡಿದು ಅಂಗಡಿ ಅಂಗಡಿಗೆ ಹೋಗಿ ಮಲೆದಪ್ಪ ಹಾಕಿಕೊಟ್ಟು ಬಂದಳು. ಬಾಳೂರಿನಲ್ಲಿ ಹೆಸರು ನಿಂತಿತು. ಕಳಸದಲ್ಲಿ ನಿಂತಿತು. ಜಾಸ್ತಿ ಎಲೆ ಹಾಕುವುದೂ ನಿಂತಿತು. ಯಂತ್ರದ ದೋಷವಂತೆ ಎಂದು ಜನ ಸ್ವಲ್ಪ ನಿರಾಸೆಯಿಂದಲೇ ಒಪ್ಪಿಕೊಂಡರು.

ಯಲ್ಲಮ್ಮನವರಿಗೂ ಅವಳು ಬಿಡಿಸಿ ಹೇಳಿದಳು. ಅವನು ಯಾರ ಮನೆಗೂ ಹಸಿದು ಹೋಗಿಲ್ಲ, ಅದು ಅವನು ಬದುಕಿದ್ದಾಗ ಹೊಡೆದ ಹೆಸರು ಎಂದಳು. ಬದುಕಿದ್ದಾಗ ಎಂಬ ಮಾತು ಬಾಯಿಗೆ ಬಂದದ್ದೇ ತಡ, ಅಲ್ಲ, ಇಲ್ಲಿದ್ದಾಗ ಎಂದು ತಿದ್ದಿಕೊಂಡಳು. ಯಲ್ಲಮ್ಮನವರು ಎಲ್ಲ ಕೇಳಿ, ಯಂತ್ರದ ವಿಷಯ ತನಗೆ ತಿಳಿಯದು, ಒಂದು ಎಡೆ ಇಟ್ಟರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಿ ಜೀಪು ಹತ್ತಿದರು.

ನನಗೆ ಅವಳ ಗುಟ್ಟು ತಿಳಿದದ್ದು ಮಳೆ ಹಿಡಿದ ಒಂದು ಮಧ್ಯಾಹ್ನ. ಚಹಾ ಕೊಡಲು ಅವಳ ಅಂಗಡಿಗೆ ಹೋಗಿದ್ದೆ. ಯಾರದೋ ಕಾರ್ಡು ಮಾಡಲು ಆಗ ತಾನೇ ಮಾದರಿಯನ್ನು ತೆರೆದಿದ್ದಳು. ಅಕ್ಷರ ಗಿಡ್ಡಗಿತ್ತು. ಮೇಲೆ ಮಲೆದಪ್ಪ ಎಂಬ ಹೆಸರು ವಾಲಿಕೊಂಡಿತ್ತು. ಪಟ್ಟಿಯ ಕೊನೆಯಲ್ಲಿ ದಯಾನಂದ ಎಂದಿತ್ತು. ಅವಳು ಅದರ ಮೇಲೆ ಕಣ್ಣಿಟ್ಟು ಸುಮ್ಮನೆ ಕೂತಿದ್ದಳು, ಬಾಗಿಲಲ್ಲಿ ನಾನು ನಿಂತದ್ದೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಹೆಸರನ್ನು ಅಳಿಸಿ, ಗಿರಾಕಿಯ ಹೆಸರುಗಳನ್ನು ಹೊಡೆಯಲು ಶುರು ಮಾಡಿದಳು.

ಕಳಸದಿಂದ ಬಂದ ಮೇಲೆ ಊರಿಗೆಲ್ಲ ಫಾಂಟು ಹಾಕಿಕೊಟ್ಟವಳು ತನ್ನ ಯಂತ್ರಕ್ಕೆ ಮಾತ್ರ ಹಾಕಿರಲಿಲ್ಲ. ಪ್ರತಿ ಸಾವಿಗೂ ಮಾದರಿಯನ್ನು ಹೊಸದಾಗಿ ತೆರೆಯುವುದು, ಅವನನ್ನು ನೋಡುವುದು, ಅಳಿಸುವುದು. ಮಾರನೆಯ ದಿನ ತೆರೆದರೆ ಮತ್ತೆ ಇರುತ್ತಾನೆ. ನನಗೆ ಎಲ್ಲಿಲ್ಲದ ಕೋಪ ಬಂತು. ಕೋಪವೋ ಹೆದರಿಕೆಯೋ ಹೇಳಲಾರೆ.

“ಇಲ್ಲದ್ದನ್ನ ಇಲ್ಲ ಅಂತ ಹೇಳ್ಬೇಕು ಅಂತ ಊರಿಗೆಲ್ಲ ಬರ್ದವಳು ನೀನು. ಇದೆಂತ ಮಾಡ್ಕೊಂಡ್ ಕೂತಿದ್ದೀಯ ಮಾರಾಯ್ತಿ?” ಅಂದೆ.

ಅವಳು ತಿರುಗಿ ನೋಡಲಿಲ್ಲ.

“ದಿನಾ ಬರ್ತಾರೆ ತಮ್ಮಯ್ಯಣ್ಣ. ಆ ಫಾಂಟ್ ಹಾಕಿದ್ರೆ ಮತ್ತೆ ಕೆಳಗೆ ಹೋಗ್ಬಿಡ್ತಾರೆ. ನನ್ ಕೈಯಾರೆ ಹೆಂಗೆ ಕಳ್ಸ್ಲಿ?”

ನಾನು ಚಹಾದ ಲೋಟವನ್ನು ಮೇಜಿನ ಮೇಲಿಟ್ಟು ಬಂದೆ. ಕಟ್ಟು ಹಾಕಲು ಕೂತರೆ ಮೊಳೆ ನೆಟ್ಟಗೆ ಇಳಿಯಲಿಲ್ಲ. ಅವಳಿಗೆ ಬುದ್ಧಿ ಹೇಳುವ ಯೋಗ್ಯತೆ ನನ್ನಲ್ಲಿ ಇರಲಿಲ್ಲ, ಹೇಳದೆ ಇರುವ ಸ್ವಭಾವವೂ ಅಲ್ಲ. ಆ ವಾರದ ಸಂತೆಗೆ ಬಂದ ಯಲ್ಲಮ್ಮನವರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತು, ಹಾಗಾದರೆ ಅವಳೂ ಅವನನ್ನು ಹಿಡಿದುಕೊಂಡೇ ಕೂತಿದ್ದಾಳೆ ಎಂದರು. ಆಮೇಲೆ ಸಂತೆ ಚೀಲವನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಪಕ್ಕಕ್ಕೆ ಹೋದರು. ಅವರ ಹಿಂದೆಯೇ ನಾನೂ ಹೋಗಿ ಬಾಗಿಲಲ್ಲಿ ನಿಂತೆ. ಯಾರಾದರೂ ಏನಾದರೂ ಅಂದುಕೊಳ್ಳಲಿ, ಆವತ್ತು ಗೋಡೆಯಾಚೆಯಿಂದ ಕೇಳಿ ಸುಮ್ಮನಿರಲು ನನ್ನಿಂದಾಗುತ್ತಿರಲಿಲ್ಲ.

ಯಲ್ಲಮ್ಮನವರು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಕಾಫಿ ತರಿಸಲೇ ಎಂದು ಸೊಸೆ ಕೇಳಿದ್ದಕ್ಕೆ ಬೇಡವೆಂದರು.

“ಕಾರ್ಡ್ ಮಾಡ್ಸ್ಬೇಕು” ಅಂದರು.

“ಯಾರ್ದು ಅತ್ತೆ?”

“ನನ್ ಮಗಂದು.”

ಪ್ರೇಮಲತಾ ಜಗಳ ತೆಗೆಯುತ್ತಾಳೆ ಎಂದುಕೊಂಡೆ. ತೆಗೆಯಲಿಲ್ಲ. ಯಲ್ಲಮ್ಮನವರು ಗಿರಾಕಿಯ ಜಾಗದಲ್ಲಿ ಕೂತಿದ್ದರು, ಗಿರಾಕಿಗೆ ಆಗುವುದಿಲ್ಲ ಎಂದು ಹೇಳಿ ಅವಳಿಗೆ ಅಭ್ಯಾಸವಿಲ್ಲ. ಮಾದರಿಯನ್ನು ತೆರೆದಳು. ಅದೇ ಒಂದೇ ದನಿಯಲ್ಲಿ ಹೆಸರು ಕೇಳಿದಳು, ಅವರು ಹೇಳಿದರು, ಇವಳು ಹೊಡೆದಳು. ವಯಸ್ಸು ಕೇಳಿದಳು. ಹೋದಾಗ ಎಷ್ಟಿತ್ತೋ ಅಷ್ಟೇ ಹಾಕು, ಆಮೇಲೆ ಅವನಿಗೆ ವಯಸ್ಸಾಗಿಲ್ಲ ಎಂದರು ಯಲ್ಲಮ್ಮನವರು. ತೀರಿಕೊಂಡ ದಿನ ಎಂದು ಕೇಳುವಾಗ ಅವಳ ದನಿ ಮೊದಲ ಸಲ ಒಡೆಯಿತು. ಹಳ್ಳ ಬಂದ ದಿನ ಎಂದರು ಅವರು. ಆ ತಾರೀಖು ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ದುಃಖತಪ್ತರು ಯಾರ್ಯಾರು ಎಂದು ಕೇಳಿದ್ದಕ್ಕೆ ಮೂರೇ ಹೆಸರು. ತಾಯಿ ಯಲ್ಲಮ್ಮ, ಹೆಂಡತಿ ಪ್ರೇಮಲತಾ, ಮಗಳು ಧನ್ಯಶ್ರೀ. ಅಷ್ಟು ಚಿಕ್ಕ ಪಟ್ಟಿಯ ಕೆಳಗೆ ದಯಾನಂದ ಎಂಬುದು ನಿಚ್ಚಳವಾಗಿ ಕಾಣುತ್ತಿತ್ತು, ಅದರ ಕೆಳಗಿನ ಸಾಲೂ ಕಾಣುತ್ತಿತ್ತು. ಪ್ರೇಮಲತಾ ಕೆಳಗಿನ ಸಾಲನ್ನು ಅಳಿಸಿದಳು. ಹೆಸರನ್ನು ಅಳಿಸಲು ಬೆರಳಿಟ್ಟಳು.

ಯಲ್ಲಮ್ಮನವರು ಅಷ್ಟು ಹೊತ್ತೂ ಮುಂದಕ್ಕೆ ಬಾಗಿ ಅಕ್ಷರ ಕೂಡಿಸಿ ಓದುತ್ತಿದ್ದರು. ರಾತ್ರಿ ಶಾಲೆಯಲ್ಲಿ ಕಲಿತ ಓದು, ನಿಧಾನ. ಕೊನೆಯ ಸಾಲಿಗೆ ಬಂದಾಗ ಅವಳ ಕೈ ಹಿಡಿದರು.

“ಅದನ್ನೆಂತಕ್ಕೆ ಅಳಿಸ್ತೀಯ?”

“ಇಲ್ಲಿ ದುಃಖ ಪಡೋರ ಹೆಸರು ಮಾತ್ರ ಇರ್ಬೇಕು ಅತ್ತೆ.”

“ಹಂಗಾದ್ರೆ ಇರ್ಲಿ ಬಿಡು. ನಮ್ಮನ್ ಬಿಟ್ಟು ಹೋಗೋವಾಗ ಅವಂಗೆ ನಮ್ಮಷ್ಟೇ ದುಃಖ ಆಗಿರತ್ತೆ.”

ಪ್ರೇಮಲತಾ ಕೀಬೋರ್ಡಿನಿಂದ ಕೈ ತೆಗೆದಳು. ಆಮೇಲೆ ಅತ್ತೆಯ ಮಡಿಲಿಗೆ ತಲೆಯಿಟ್ಟು ಅತ್ತಳು. ಅಷ್ಟು ವರ್ಷ ಊರಿನ ಅಳುವೆಲ್ಲ ಅವಳ ಮುಂದೆ ಕೂತು ಎದ್ದು ಹೋಗಿತ್ತು, ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದು ಸಲ. ನಾನು ಹೊರಗೆ ಬಂದು, ಒಳಗೆ ಬರುತ್ತಿದ್ದ ಒಬ್ಬ ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸಿದೆ.

ಕಾರ್ಡು ಹಾಗೆಯೇ ಅಚ್ಚಾಯಿತು, ಕೊನೆಯ ಸಾಲಿನಲ್ಲಿ ಅವನ ಹೆಸರಿನ ಸಮೇತ. ಯಾರೂ ಏನೂ ಕೇಳಲಿಲ್ಲ. ಬಾಳೂರಿನಲ್ಲಿ ಹುಲ್ಲಿನ ಪ್ರತಿಕೃತಿಗೆ ಧನ್ಯಶ್ರೀ ಬೆಂಕಿ ಇಟ್ಟಳು. ಅಮಾವಾಸ್ಯೆಗೆ ಹಿರಿಯರ ಸಾಲಿನ ಕೊನೆಗೆ ಅವನಿಗೂ ಎಡೆ ಬಿತ್ತು. ಯಲ್ಲಮ್ಮನವರು ಅವನಿಗೆ ಇಷ್ಟವೆಂದು ಕಡುಬಿನ ಮೇಲೆ ಎರಡು ಸಲ ತುಪ್ಪ ಬಡಿಸಿದರು.

ಅದಾದ ಮಾರನೆಯ ಬೆಳಿಗ್ಗೆ ಪ್ರೇಮಲತಾ ಅಂಗಡಿ ತೆರೆದವಳೇ ನನ್ನನ್ನು ಕರೆದಳು. ಪೆನ್‌ಡ್ರೈವ್ ಚುಚ್ಚಿ, ತಾನು ಬರೆದಿದ್ದ ಕ್ರಮವನ್ನೇ ಬೇರೆ ಯಾರೋ ಬರೆದುಕೊಟ್ಟ ಹಾಗೆ ಒಂದೊಂದಾಗಿ ಗಟ್ಟಿಯಾಗಿ ಓದಿಕೊಂಡು ಮಾಡಿದಳು. ಸಾಫ್ಟ್‌ವೇರನ್ನು ಮುಚ್ಚಿದಳು, ಮಲೆದಪ್ಪ ಹಾಕಿದಳು, ಮತ್ತೆ ತೆರೆದು ಹಳೇ ಹೆಸರುಗಳಿದ್ದ ಮಾದರಿಯನ್ನು ತೆಗೆದಳು. ಅಕ್ಷರಗಳು ಅವನು ಮಾಡಿದ ಹಾಗೆ ದಪ್ಪಗೆ, ಎತ್ತರಕ್ಕೆ ಎದ್ದು ನಿಂತವು. ಪಟ್ಟಿ ಚೌಕಟ್ಟಿನ ಅಂಚಿನವರೆಗೂ ತುಂಬಿಕೊಂಡಿತು. ಅವಳು ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದಳು.

“ಹೋದ್ರು, ತಮ್ಮಯ್ಯಣ್ಣ” ಅಂದಳು.

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.